ರಾಜಕಾಲುವೆಯ ಬದಿಯಲ್ಲಿ ಮನೆ ಕಟ್ಟುವ ಮುನ್ನ

(ಮಾತೆ ಮರಿಯಮ್ಮನವರ ಜನನೋತ್ಸವದ ಸಂದರ್ಭದಲ್ಲಿ ಒಂದು ಚಿಂತನೆ)



ಸೆಪ್ಟೆಂಬರ್ 8 ಎಂದರೆ ಬೆಂಗಳೂರಿನ ಕಥೋಲಿಕರಿಗೆ ಮನೆಯ ಹಬ್ಬ ಇದ್ದಂತೆ. ಆಗಸ್ಟ್ 29ಕ್ಕೆ ಶಿವಾಜಿನಗರದ ಸಂತ ಮರಿಯ ಬಸಿಲಿಕದಲ್ಲಿ ಬಾವುಟ ಏರುತ್ತದೆ. ಒಂಬತ್ತು ದಿನ ನವೇನ. ಕಾವಿ ಬಟ್ಟೆ ತೊಟ್ಟ ಭಕ್ತರು ಊರೂರಿನಿಂದ ನಡೆದು ಬರುತ್ತಾರೆ. ಹಬ್ಬದ ಸಂಜೆ ಮಾತೆಯ ತೇರು ಬೀದಿಗಿಳಿಯುತ್ತದೆ. ಆದರೆ 2022ರ ನವೇನದ ದಿನಗಳನ್ನು ನಮ್ಮಲ್ಲಿ ಹಲವರು ಬೇರೆಯೇ ಕಾರಣಕ್ಕೆ ನೆನೆಯುತ್ತಾರೆ. ಆ ವರ್ಷ ಸೆಪ್ಟೆಂಬರ್ 4ರ ಭಾನುವಾರ ರಾತ್ರಿ ಸುರಿದ ಮಳೆ ನಗರದಲ್ಲಿ 130 ಮಿಲಿಮೀಟರಿಗೂ ಹೆಚ್ಚಾಗಿತ್ತು. ಬೆಳಗಾಗುವಷ್ಟರಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಸುತ್ತಮುತ್ತ ಮನೆಗಳು ನೀರಿನಲ್ಲಿ ನಿಂತಿದ್ದವು. ಕೋಟಿ ಬೆಲೆಯ ಮನೆಯವರೂ ತಗಡಿನ ಶೆಡ್ಡಿನವರೂ ಒಂದೇ ಟ್ರ್ಯಾಕ್ಟರಿನಲ್ಲಿ ನಿಂತು ಹೊರಬಂದರು.

ಆ ಹಬ್ಬದ ದಿನ ಬಲಿಪೂಜೆ ಮುಗಿದ ಮೇಲೆ ಒಬ್ಬ ಯುವಕ ಸಕ್ರಿಸ್ತಿಗೆ ಬಂದ. ಮೂರು ವರ್ಷದ ಹಿಂದೆ ಅವನ ಹೊಸ ಮನೆಯನ್ನು ನಾನೇ ಮಂತ್ರಿಸಿದ್ದೆ. "ಫಾದರ್, ಮನೆ ಮಂತ್ರಿಸಿದ್ದೀರಿ, ಬಾಗಿಲ ಮೇಲೆ ಶಿಲುಬೆ ಇದೆ, ದಿನವೂ ಜಪಸರ ಹೇಳ್ತೀವಿ. ಆದರೂ ನೀರು ಯಾಕೆ ಒಳಗೆ ಬಂತು?" ಎಂದು ಕೇಳಿದ. ಕೋಪದಿಂದ ಕೇಳಿದ್ದಲ್ಲ, ನೋವಿನಿಂದ ಕೇಳಿದ್ದು. ಇಪ್ಪತ್ತು ವರ್ಷ ತೀರಿಸಬೇಕಾದ ಸಾಲ ಆ ಮನೆಯ ಮೇಲಿತ್ತು. ಏನು ಹೇಳಬೇಕೆಂದು ನನಗೆ ತಕ್ಷಣ ತೋಚಲಿಲ್ಲ.

ಆಗ ನೆನಪಾದದ್ದು ಅವನ ಅಜ್ಜಿಯ ಮಾತು. ಮನೆ ಮಂತ್ರಿಸಿದ ದಿನ ಆಕೆ ಹಿತ್ತಲಿನ ಕಡೆ ಕೈತೋರಿಸಿ, "ಸ್ವಾಮಿ, ನಾವು ಚಿಕ್ಕೋರಿದ್ದಾಗ ಇದೆಲ್ಲಾ ಗದ್ದೆ. ಕೆರೆ ಕೋಡಿ ಹರಿದ್ರೆ ಇಲ್ಲಿಗೇ ನೀರು ಬರೋದು. ಸೀರೆ ಒಡ್ಡಿ ಮೀನು ಹಿಡೀತಿದ್ವಿ" ಎಂದಿದ್ದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆ ಮನೆಯ ಬಗ್ಗೆ ಅಂದು ಅತ್ಯಂತ ಮುಖ್ಯವಾದ ಮಾತನ್ನು ಆಡಿದ್ದು ಆ ಅಜ್ಜಿ ಎಂಬುದು ನಮಗೆ ಆಗ ತಿಳಿಯಲಿಲ್ಲ.

ಆದ್ದರಿಂದ ಈ ಹಬ್ಬದ ಚಿಂತನೆಯಲ್ಲಿ ಮನೆಯ ಬಗ್ಗೆಯೇ ಮಾತನಾಡೋಣ. ಮರಿಯಮ್ಮನವರು ದೇವಪುತ್ರರಿಗೆ ಈ ಭೂಮಿಯ ಮೇಲಿನ ಮೊದಲ ಮನೆಯಾದರು. ಆ ಮನೆಯನ್ನು ದೇವರು ಎಷ್ಟು ಎಚ್ಚರಿಕೆಯಿಂದ ಸಿದ್ಧಪಡಿಸಿದರೆಂಬುದೇ ಅವರ ಜನನೋತ್ಸವದ ಸಂದೇಶ. ನಾವು ನಮ್ಮ ಮಕ್ಕಳಿಗೆ ಕಟ್ಟುವ ಮನೆಯ ವಿಷಯದಲ್ಲಿ ಎಷ್ಟು ಎಚ್ಚರಿಕೆ ವಹಿಸುತ್ತೇವೆ?

ಯೇಸುಸ್ವಾಮಿ ಹೇಳಿದ ಎರಡು ಮನೆಗಳು

ಬುದ್ಧಿವಂತನೊಬ್ಬ ಬಂಡೆಯ ಮೇಲೆ ಮನೆ ಕಟ್ಟಿದ, ಬುದ್ಧಿಹೀನನೊಬ್ಬ ಮರಳಿನ ಮೇಲೆ ಕಟ್ಟಿದ ಎಂಬ ಸಾಮತಿ ನಮಗೆಲ್ಲ ಬಾಯಿಪಾಠ (ಮತ್ತಾಯ 7:24-27). ಸಂತ ಲೂಕರು ಇದನ್ನೇ ಹೇಳುವಾಗ ನದಿಯ ಪ್ರವಾಹವನ್ನು ನೇರವಾಗಿ ಪ್ರಸ್ತಾಪಿಸುತ್ತಾರೆ, ಆಳವಾಗಿ ಅಗೆದು ಬಂಡೆಯ ಮೇಲೆ ಪಾಯ ಹಾಕಿದ್ದನ್ನೂ ಹೇಳುತ್ತಾರೆ (ಲೂಕ 6:47-49). ಆ ಸಾಮತಿಯ ಸಾರ ಯೇಸುವಿನ ಮಾತನ್ನು ಕೇಳಿ ಅದರಂತೆ ನಡೆಯುವುದು. ಆದರೆ ಅವರು ಆರಿಸಿಕೊಂಡ ಉದಾಹರಣೆ ಬಡಗಿಯೊಬ್ಬರ ಕಣ್ಣಿಗೆ ಬಿದ್ದ ನಿಜವಾದ ಉದಾಹರಣೆ.

ಪ್ಯಾಲೆಸ್ತೀನಿನಲ್ಲಿ ವರ್ಷದ ಬಹುಪಾಲು ಒಣಗಿರುವ ಹಳ್ಳಗಳಿವೆ. ಬೇಸಿಗೆಯಲ್ಲಿ ಅವು ಮಟ್ಟಸವಾದ ಮರಳು ನೆಲ. ಕಲ್ಲು ಒಡೆಯುವ ಕೆಲಸವಿಲ್ಲ, ಮಣ್ಣು ಹೊರುವ ಕೆಲಸವಿಲ್ಲ. ಖರ್ಚು ಕಡಿಮೆ. ಚಳಿಗಾಲದ ಮಳೆ ಬೆಟ್ಟದ ಮೇಲೆ ಸುರಿದಾಗ ಅದೇ ಹಳ್ಳ ಕೆಲವೇ ಗಂಟೆಗಳಲ್ಲಿ ಹೊಳೆಯಾಗುತ್ತದೆ. ಬುದ್ಧಿಹೀನನ ತಪ್ಪು ಮರಳನ್ನು ಬಂಡೆಯೆಂದು ಭಾವಿಸಿದ್ದಲ್ಲ. ಒಣಗಿರುವ ಹಳ್ಳ ಇನ್ನು ಹಳ್ಳವಲ್ಲ ಎಂದು ಭಾವಿಸಿದ್ದು.

ನಮ್ಮ ತಪ್ಪೂ ಇದೇ ಅಲ್ಲವೇ? ಜನವರಿಯಲ್ಲಿ ಸೈಟು ನೋಡಲು ಹೋಗುತ್ತೇವೆ. ನೆಲ ಒಣಗಿರುತ್ತದೆ. ಪಕ್ಕದಲ್ಲಿ ಗಿಡಗಂಟಿ ಬೆಳೆದ ಒಂದು ಮೋರಿ. ಆಸುಪಾಸಿನ ಸೈಟಿಗಿಂತ ಒಂದಿಷ್ಟು ಲಕ್ಷ ಕಡಿಮೆ ಬೆಲೆ. ಮುಂಗಡ ಕೊಟ್ಟು ಬರುತ್ತೇವೆ. ಆ ಮೋರಿ ಯಾವುದು, ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದಿಲ್ಲ.

ನೀರಿನ ದಾರಿ ಯಾವುದು?

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಊರು. ಇಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿ ಇಲ್ಲ. ಅದಕ್ಕಾಗಿ ನಮ್ಮ ಹಿರಿಯರು ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಹರಿದು ನೀರು ಕೆಳಗಿನ ಕೆರೆಗೆ ಹೋಗಬೇಕು, ಅದು ತುಂಬಿದರೆ ಮುಂದಿನದಕ್ಕೆ. ಸರದಲ್ಲಿ ಮಣಿ ಪೋಣಿಸಿದ ಹಾಗೆ ಕೆರೆಗಳ ಸಾಲು. ಈ ಕೆರೆಯಿಂದ ಆ ಕೆರೆಗೆ ನೀರು ಒಯ್ಯುವ ದಾರಿಯೇ ರಾಜಕಾಲುವೆ. ಕೆರೆಯ ತೂಬಿನಿಂದ ನೀರುಣ್ಣುತ್ತಿದ್ದ ಏರಿಯ ಕೆಳಗಿನ ಗದ್ದೆಗಳೇ ಅಚ್ಚುಕಟ್ಟು. ತೂಬು ತೆರೆದು ನೀರು ಹಂಚಲು ಊರಿಗೊಬ್ಬ ನೀರಗಂಟಿ ಇರುತ್ತಿದ್ದ.

ನಗರದ ನೀರು ಮೂರು ಮುಖ್ಯ ಕಣಿವೆಗಳಲ್ಲಿ ಇಳಿಯುತ್ತದೆ. ಹೆಬ್ಬಾಳ ಕಣಿವೆ ಹಾಗೂ ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ವೃಷಭಾವತಿ ಕಣಿವೆಯದು ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ತುಂಬಿದರೆ ವರ್ತೂರು ಕೆರೆಗೆ, ಅಲ್ಲಿಂದ ಮುಂದೆ ಪಿನಾಕಿನಿಗೆ. 2022ರಲ್ಲಿ ಆದದ್ದು ಇಷ್ಟೇ. ಮೇಲಿನ ಕೆರೆಗಳು ತುಂಬಿ ಕೋಡಿ ಹರಿದವು. ನೀರು ತನ್ನ ಹಳೆಯ ದಾರಿ ಹಿಡಿಯಿತು. ಆ ದಾರಿಯಲ್ಲಿ ಈಗ ಕಾಂಪೌಂಡುಗಳಿದ್ದವು, ರಸ್ತೆಗಳಿದ್ದವು, ಅಗಲ ಕಳೆದುಕೊಂಡ ಕಾಲುವೆಗಳಿದ್ದವು.

ಕೆರೆ ಕಳೆದುಕೊಳ್ಳುವುದು ಇಂದು ನಿನ್ನೆಯ ಕಥೆಯೂ ಅಲ್ಲ, ಬರೀ ಖಾಸಗಿಯವರ ತಪ್ಪೂ ಅಲ್ಲ. ನಾವು ಬಸ್ಸು ಹತ್ತುವ ಮೆಜೆಸ್ಟಿಕ್ಕಿನ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳ. ನಗರವೇ ಹಾಗೆ ಬೆಳೆಯಿತು. ಆದರೆ ಕೆರೆ ಮುಚ್ಚಿದರೂ ಅದಕ್ಕೆ ಬರುತ್ತಿದ್ದ ಮಳೆ ನಿಲ್ಲುವುದಿಲ್ಲ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 30-40ರ ಸೈಟು ಎಂದರೆ 1,200 ಚದರಡಿ, ಸುಮಾರು 111 ಚದರ ಮೀಟರು. ಅದರ ಮೇಲೆ 100 ಮಿಲಿಮೀಟರು ಮಳೆ ಬಿದ್ದರೆ 11,000 ಲೀಟರು ನೀರು. ಅದು ಗದ್ದೆಯಾಗಿದ್ದಾಗ ಬಹುಪಾಲು ನೀರು ಬದುವಿನೊಳಗೇ ನಿಂತು ಇಂಗುತ್ತಿತ್ತು. ಈಗ ಸಿಮೆಂಟು, ಟೈಲ್ಸು. ಬಿದ್ದದ್ದೆಲ್ಲ ಅರ್ಧ ಗಂಟೆಯಲ್ಲಿ ಮೋರಿಗೆ. ಅಂಥ ಸಾವಿರ ಮನೆಗಳ ನೀರು ಒಂದೇ ಕಾಲುವೆಗೆ ಬಂದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಕಟ್ಟಳೆ ಏನು ಹೇಳುತ್ತದೆ?

ಇದಕ್ಕಾಗಿಯೇ ಕೆರೆ-ಕಾಲುವೆಗಳ ಎರಡೂ ಬದಿ ಕಟ್ಟಡ ಕಟ್ಟಬಾರದ ಮೀಸಲು ಅಂಚು ಇಟ್ಟಿದ್ದಾರೆ. ಜನ ಇದನ್ನು 'ಬಫರ್' ಎನ್ನುತ್ತಾರೆ. 2007ರಲ್ಲಿ ಒಪ್ಪಿಗೆ ಪಡೆದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ-2015ರ ವಲಯ ನಿಯಮಗಳು ಕೆರೆಯ ಸುತ್ತ 30 ಮೀಟರು ಬಿಡಬೇಕೆಂದು ಹೇಳಿದವು. ಕಾಲುವೆಗಳನ್ನು ಮೂರು ದರ್ಜೆಯಾಗಿ ವಿಂಗಡಿಸಿದವು. ದೊಡ್ಡ, ಅಂದರೆ ಪ್ರಾಥಮಿಕ ರಾಜಕಾಲುವೆಗೆ 50 ಮೀಟರು, ದ್ವಿತೀಯ ದರ್ಜೆಗೆ 25 ಮೀಟರು, ತೃತೀಯ ದರ್ಜೆಗೆ 15 ಮೀಟರು. ಇದನ್ನು ಅಳೆಯುವುದು ಕಾಲುವೆಯ ದಡದಿಂದ ಅಲ್ಲ, ನಟ್ಟನಡುವಿನಿಂದ.

ಇದರ ಅರ್ಥವನ್ನು ಸೈಟಿನ ಲೆಕ್ಕದಲ್ಲಿ ನೋಡೋಣ. 25 ಮೀಟರು ಎಂದರೆ ಸುಮಾರು 82 ಅಡಿ. ಕಾಲುವೆಯ ಅಗಲವನ್ನು ಕಳೆದರೂ ಅದರ ಪಕ್ಕದ ಮೊದಲ ಸಾಲಿನ ಸೈಟು ಪೂರ್ತಿ ಮೀಸಲು ಅಂಚಿನೊಳಗೆ ಹೋಗಬಹುದು, ಎರಡನೆಯ ಸಾಲಿಗೂ ತಾಗಬಹುದು. "ನಮ್ಮ ಸೈಟು ಕಾಲುವೆಗೆ ತಾಗಿಲ್ಲ, ಮಧ್ಯೆ ಇನ್ನೊಬ್ಬರ ಸೈಟಿದೆ" ಎಂದು ನೆಮ್ಮದಿಯಾಗಿ ಇರುವವರು ಇದನ್ನು ಗಮನಿಸಬೇಕು.

2016ರ ಮೇ 4ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಅಂಚನ್ನು ಹೆಚ್ಚಿಸಿ ಕೆರೆಗೆ 75 ಮೀಟರು, ಕಾಲುವೆಗಳಿಗೆ ಕ್ರಮವಾಗಿ 50, 35, 25 ಮೀಟರು, ಅದೂ ದಡದಿಂದ ಅಳೆಯಬೇಕೆಂದು ಆದೇಶಿಸಿತು. 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯ ಆ ಹೆಚ್ಚಳವನ್ನು ರದ್ದುಪಡಿಸಿತು. ಮಹಾಯೋಜನೆಯ ಅಳತೆಯನ್ನು ನ್ಯಾಯಮಂಡಳಿ ಬದಲಿಸುವಂತಿಲ್ಲ ಎಂಬುದು ಅದರ ತೀರ್ಪಿನ ಸಾರ. 2025ರಲ್ಲಿ ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಅಂಚನ್ನು ನಿಗದಿಪಡಿಸುವ ತಿದ್ದುಪಡಿ ಮಸೂದೆಯೊಂದು ರಾಜ್ಯ ವಿಧಾನಮಂಡಲದ ಮುಂದೆ ಬಂತು. ಅದೇ ವರ್ಷ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರಪಾಲಿಕೆಗಳು ಬಂದವು. ಆದ್ದರಿಂದ ಹತ್ತು ವರ್ಷದ ಹಿಂದೆ ನೆಂಟರೊಬ್ಬರು ಹೇಳಿದ ಅಳತೆಯನ್ನು ನಂಬಿ ಪಾಯ ತೆಗೆಯಬೇಡಿ. ನೀವು ನಕ್ಷೆ ಮಂಜೂರಾತಿಗೆ ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆಯೋ ಅದನ್ನು ಕಚೇರಿಯಲ್ಲೇ ಕೇಳಿ, ಬರಹದಲ್ಲಿ ಪಡೆಯಿರಿ.

ನಿಯಮದ ಅಳತೆ ಬದಲಾಗಬಹುದು, ನೀರಿನ ಅಳತೆ ಬದಲಾಗುವುದಿಲ್ಲ. ಕಾಗದದ ಮೇಲೆ ಅಂಚು ಕಡಿಮೆಯಾಯಿತೆಂದು ಕೋಡಿಯ ನೀರು ತನ್ನ ಅಗಲವನ್ನು ಕಡಿಮೆ ಮಾಡಿಕೊಳ್ಳುವುದಿಲ್ಲ. ಕಾಯಿದೆ ಬಿಡಲು ಹೇಳುವುದು ಕನಿಷ್ಠ. ವಿವೇಕಿ ಅದಕ್ಕಿಂತ ಹೆಚ್ಚು ಬಿಡುತ್ತಾನೆ.

ಬೇರೆ ಊರುಗಳಲ್ಲಿ

ಈ ಪತ್ರಿಕೆಯನ್ನು ಓದುವವರು ಬೆಂಗಳೂರಿನಲ್ಲಿ ಮಾತ್ರ ಇಲ್ಲ. ಕರಾವಳಿಯಲ್ಲಿರುವವರಿಗೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಅನ್ವಯಿಸುತ್ತದೆ. ಸಮುದ್ರದ ಭರತದ ಗೆರೆಯಿಂದ 500 ಮೀಟರಿನವರೆಗೆ ಅದರ ಹಿಡಿತವಿದೆ. ಉಪ್ಪುನೀರು ಏರಿ ಇಳಿಯುವ ಹೊಳೆಯ ದಡದಲ್ಲಿ 2011ರ ಅಧಿಸೂಚನೆ 100 ಮೀಟರು ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಕಡಿಮೆಯಾದುದನ್ನು ಗೊತ್ತುಮಾಡಿತ್ತು. 2019ರ ಅಧಿಸೂಚನೆ ಆ 100ನ್ನು 50ಕ್ಕೆ ಇಳಿಸಿತು. ಗ್ರಾಮೀಣ ಪ್ರದೇಶದಲ್ಲಿ ಸಮುದ್ರದಿಂದ 200 ಮೀಟರು ಕಟ್ಟಡ ನಿಷಿದ್ಧ. ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರುವ ಕಡೆ ಮಾತ್ರ ಅದು 50 ಮೀಟರು. 1923ರಲ್ಲಿ ಮತ್ತು 1974ರಲ್ಲಿ ನೇತ್ರಾವತಿ ಉಕ್ಕಿದ್ದನ್ನು ಪಾಣೆಮಂಗಳೂರು, ಬಂಟ್ವಾಳದ ಹಳಬರ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ನೀರು ಎಲ್ಲಿಯವರೆಗೆ ಬಂದಿತ್ತೆಂಬ ಆ ನೆನಪು ಯಾವ ನಕ್ಷೆಗೂ ಕಡಿಮೆಯಲ್ಲ.

ಉತ್ತರ ಕರ್ನಾಟಕದಲ್ಲಿ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆ 200ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ನದಿ ದಂಡೆಯ ಹಳ್ಳಿಗಳನ್ನು ಎತ್ತರದ ಜಾಗಕ್ಕೆ ಸಾಗಿಸಲು ಸರ್ಕಾರ 'ಆಸರೆ' ಎಂಬ ಹೆಸರಿನಲ್ಲಿ ಮನೆಗಳನ್ನು ಕಟ್ಟಿಸಿತು. ದಾನಿಗಳೂ ಕೈಜೋಡಿಸಿದರು. ಆದರೆ ಅನೇಕರು ಅಲ್ಲಿಗೆ ಹೋಗಲಿಲ್ಲ. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ, ಕೂಡುಕುಟುಂಬಕ್ಕೆ ಮನೆ ಚಿಕ್ಕದು. 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ ಮತ್ತೆ ಉಕ್ಕಿದಾಗ ದಂಡೆಯಲ್ಲೇ ಉಳಿದವರು ಮತ್ತೆ ಮುಳುಗಿದರು. ಇದರಲ್ಲಿ ಇಬ್ಬರಿಗೂ ಪಾಠವಿದೆ. ಜನರ ಬದುಕನ್ನು ಕೇಳದೆ ಮಾಡಿದ ಒಳ್ಳೆಯ ನಿಯಮವೂ ಪೂರ್ತಿ ಫಲ ಕೊಡುವುದಿಲ್ಲ. ನದಿಯ ಮಾತನ್ನು ಕೇಳದೆ ಉಳಿದ ಜನರಿಗೂ ಕ್ಷೇಮವಿಲ್ಲ.

ನೆರೆ ಬಯಲಿನಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂಬುದಕ್ಕೆ ದೇಶದ ಮಟ್ಟದಲ್ಲಿ 1975ರಲ್ಲೇ ಒಂದು ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳುಹಿಸಲಾಗಿತ್ತು. ಅದನ್ನು ಕಾಯಿದೆ ಮಾಡಿದವು ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು. ಆದರೆ ಅದರ ಹಿಂದಿನ ವಿಚಾರ ಸರಳವಾಗಿದೆ, ಮನೆ ಕಟ್ಟುವ ಪ್ರತಿಯೊಬ್ಬರಿಗೂ ಉಪಯೋಗವಾಗುತ್ತದೆ. ಆಸ್ಪತ್ರೆ, ವಿದ್ಯುತ್ ಕೇಂದ್ರ, ದೂರವಾಣಿ ಕೇಂದ್ರಗಳಂಥವು ನೂರು ವರ್ಷಕ್ಕೊಮ್ಮೆ ಬರುವ ನೆರೆಯ ಮಟ್ಟಕ್ಕಿಂತ ಮೇಲಿರಬೇಕು. ವಾಸದ ಮನೆ, ಶಾಲೆ, ಕಚೇರಿಗಳು ಇಪ್ಪತ್ತೈದು ವರ್ಷದ ನೆರೆಯ ಮಟ್ಟಕ್ಕಿಂತ ಮೇಲಿರಬೇಕು, ಅಪಾಯದ ಜಾಗದಲ್ಲಿ ಕಂಬಗಳ ಮೇಲೆ ನಿಲ್ಲಬೇಕು. ತೀರ ತಗ್ಗಿನ ಜಾಗ ಉದ್ಯಾನಕ್ಕೆ, ಆಟದ ಮೈದಾನಕ್ಕೆ.

'ನೂರು ವರ್ಷದ ನೆರೆ' ಎಂದರೆ ಈಗ ಬಂದರೆ ಮತ್ತೆ ನೂರು ವರ್ಷ ಬರುವುದಿಲ್ಲ ಎಂದಲ್ಲ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ನೂರಕ್ಕೆ ಒಂದು ಎಂದು ಅರ್ಥ. 30 ವರ್ಷ ಆ ಮನೆಯಲ್ಲಿದ್ದರೆ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 26. ಇಪ್ಪತ್ತೈದು ವರ್ಷದ ನೆರೆಯಾದರೆ 25 ವರ್ಷಗಳಲ್ಲಿ ನೂರಕ್ಕೆ 64. ಅಂದರೆ ನಿಮ್ಮ ಸಾಲ ತೀರುವಷ್ಟರಲ್ಲಿ ನೀರು ಬಾಗಿಲಿಗೆ ಬರುವ ಸಂಭವವೇ ಹೆಚ್ಚು.

ಮುಂಗಡ ಕೊಡುವ ಮುನ್ನ

ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕುವುದಿಲ್ಲವೇ ಎಂದು ಯೇಸುಸ್ವಾಮಿ ಕೇಳುತ್ತಾರೆ (ಲೂಕ 14:28-30). ಸೈಟು ಕೊಳ್ಳುವವರು ಕುಳಿತು ಮಾಡಬೇಕಾದ ಕೆಲಸಗಳು ಇವು.

1. ಸರ್ವೆ ನಂಬರು ತಿಳಿದುಕೊಳ್ಳಿ. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಹಳ್ಳ, ಕಾಲುವೆ, ಕೆರೆಯನ್ನು ಗೆರೆ ಎಳೆದು ತೋರಿಸಿರುತ್ತಾರೆ. ನೆಲದ ಮೇಲೆ ಕಾಣದ ಕಾಲುವೆ ನಕಾಶೆಯಲ್ಲಿ ಕಾಣುತ್ತದೆ. ಇಲಾಖೆಯ 'ದಿಶಾಂಕ್' ಎಂಬ ಆ್ಯಪ್ ಮೊಬೈಲಿನಲ್ಲಿದ್ದರೆ ನೀವು ನಿಂತಿರುವ ಜಾಗದ ಸರ್ವೆ ನಂಬರನ್ನು ಅಲ್ಲೇ ನೋಡಬಹುದು. ಮಕ್ಕಳಿಗೆ ಹೇಳಿ, ತೋರಿಸಿಕೊಡುತ್ತಾರೆ.

2. ಪಹಣಿಯಲ್ಲಿ 'ಖರಾಬು' ಎಂಬ ಕಲಂ ನೋಡಿ. 'ಅ' ಖರಾಬು ಎಂದರೆ ಬೇಸಾಯಕ್ಕೆ ಬಾರದ ಜಾಗ. 'ಬ' ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕರ ಜಾಗ. ಅದನ್ನು ಮಾರುವ ಹಕ್ಕು ಯಾವ ಖಾಸಗಿಯವರಿಗೂ ಇಲ್ಲ. ಎಷ್ಟು ಗುಂಟೆ 'ಬ' ಖರಾಬು ಇದೆ, ಅದು ಬಡಾವಣೆಯ ನಕ್ಷೆಯಲ್ಲಿ ಎಲ್ಲಿ ಹೋಯಿತು ಎಂದು ಕೇಳಿ. ಉತ್ತರ ಬರದಿದ್ದರೆ ಎದ್ದು ಬನ್ನಿ.

3. ಭೂಪರಿವರ್ತನೆ ಆಗಿದೆಯೇ, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಇದೆಯೇ ನೋಡಿ. ಮಹಾಯೋಜನೆಯ ನಕ್ಷೆಯಲ್ಲಿ ಆ ಸರ್ವೆ ನಂಬರಿನ ಬಣ್ಣ ಏನೆಂದು ಪರಿಶೀಲಿಸಿ.

4. "ಖಾತೆ ಇದೆ, ತೆರಿಗೆ ಕಟ್ಟಿದೆ, ಕರೆಂಟಿದೆ, ಬ್ಯಾಂಕು ಸಾಲ ಕೊಟ್ಟಿದೆ" ಎಂಬುದನ್ನೇ ನಂಬಬೇಡಿ. ಖಾತೆ ತೆರಿಗೆಯ ಲೆಕ್ಕಕ್ಕಾಗಿ ಇರುವುದು. ಕಾಲುವೆಯ ಮೇಲಿನ ಜಾಗವನ್ನು ಅದು ನಿಮ್ಮದಾಗಿಸುವುದಿಲ್ಲ. 2016ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಕಾಲುವೆ ಒತ್ತುವರಿ ತೆರವು ನಡೆದಾಗ ಕಾಗದಪತ್ರ ಕೈಯಲ್ಲಿ ಹಿಡಿದು ಅಳುತ್ತಾ ನಿಂತ ಕುಟುಂಬಗಳನ್ನು ನಾವು ನೋಡಿದೆವು. ಮಾರಿದವರು ಅಲ್ಲಿರಲಿಲ್ಲ.

5. ಜೋರು ಮಳೆ ಬಂದ ಮರುದಿನ ಹೋಗಿ ಜಾಗ ನೋಡಿ. ಅಕ್ಕಪಕ್ಕದ ಗೋಡೆಗಳ ಮೇಲೆ ನೀರಿನ ಕಲೆ ಇದೆಯೇ ಗಮನಿಸಿ. ಮೇಲಿನ ಕೆರೆ ಯಾವುದು, ಅದರ ಕೋಡಿ ಎಲ್ಲಿದೆ ಎಂದು ಕೇಳಿ.

6. ಊರಿನ ಹಿರಿಯರನ್ನು ಕೇಳಿ. ಗದ್ದೆ ಇತ್ತೇ, ತೋಟ ಇತ್ತೇ, ಹೊಲ ಇತ್ತೇ? ಗದ್ದೆ ಎಂದರೆ ತಗ್ಗು, ನೀರು ಬರುವ ಜಾಗ. ರಾಗಿ ಹೊಲ ಎಂದರೆ ಸಾಮಾನ್ಯವಾಗಿ ಎತ್ತರದ ಜಾಗ. ಒಬ್ಬ ಅಜ್ಜಿಗೆ ತಿಳಿದಿರುವುದು ಹತ್ತು ಕಾಗದದಲ್ಲಿ ಇಲ್ಲದಿರಬಹುದು.

ಈಗಾಗಲೇ ಮನೆ ಕಟ್ಟಿಯಾಗಿದ್ದರೆ

ಮೀಸಲು ಅಂಚಿನಲ್ಲಿ ಮನೆ ಇದೆ ಎಂದು ಅನುಮಾನವಿದ್ದರೆ ಭೂಮಾಪಕರಿಂದ ಅಳತೆ ಮಾಡಿಸಿ, ಸತ್ಯವನ್ನು ತಿಳಿದುಕೊಳ್ಳಿ. ಒಳ್ಳೆಯ ವಕೀಲರೊಬ್ಬರ ಸಲಹೆ ಪಡೆಯಿರಿ. ನೋಟಿಸು ಬಂದ ಮೇಲೆ ಓಡಾಡುವುದಕ್ಕಿಂತ ಇದು ಮೇಲು. ಲಂಚ ಕೊಟ್ಟು ಗೆರೆ ಬದಲಿಸಿಕೊಡುತ್ತೇನೆ ಎನ್ನುವವರನ್ನು ದೂರವಿಡಿ. ಆ ಗೆರೆ ಕಾಗದದ ಮೇಲೆ ಸರಿಯಬಹುದು, ನೀರು ಆ ಕಾಗದವನ್ನು ಓದುವುದಿಲ್ಲ.

ತಗ್ಗಿನ ಜಾಗದಲ್ಲಿ ಕಟ್ಟುವವರು ಪಾಯದ ಎತ್ತರದ ಬಗ್ಗೆ ಮೇಸ್ತ್ರಿಯೊಡನೆ ಮೊದಲೇ ಮಾತಾಡಿ. ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂಟಿಮೀಟರು ಎತ್ತರ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನೀರು ನಿಲ್ಲುವ ಕಡೆ ಇದು ಸಾಲದು. ರಸ್ತೆಗೆ ಪ್ರತಿಸಲ ಡಾಂಬರು ಹಾಕಿದಾಗಲೂ ಅದು ಎತ್ತರವಾಗುತ್ತಾ ಹೋಗುತ್ತದೆ, ಮನೆ ತಗ್ಗಿಗೆ ಇಳಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಂಥ ಕಡೆ ನೆಲಮಾಳಿಗೆ ಬೇಡವೇ ಬೇಡ. ಕರೆಂಟಿನ ಮೀಟರ್ ಬೋರ್ಡು, ಯುಪಿಎಸ್, ಪಂಪಿನ ಸ್ಟಾರ್ಟರನ್ನು ನೆಲದಿಂದ ಮೇಲೆ ಕೂರಿಸಿ. ಸಂಪಿನ ಬಾಯಿಯನ್ನು ಎತ್ತರಿಸಿ ಭದ್ರವಾದ ಮುಚ್ಚಳ ಹಾಕಿ. ಇಲ್ಲದಿದ್ದರೆ ಕೊಳಚೆ ನೀರು ಕುಡಿಯುವ ನೀರಿಗೆ ಸೇರುತ್ತದೆ. ಒಳಚರಂಡಿಯ ನೀರು ಹಿಂದಕ್ಕೆ ಉಕ್ಕದಂತೆ ತಡೆಯುವ ವಾಲ್ವು ಹಾಕಿಸಿ. ಮನೆಪತ್ರ, ಜ್ಞಾನಸ್ನಾನದ ಮತ್ತು ಮದುವೆಯ ಸರ್ಟಿಫಿಕೇಟು, ಮಕ್ಕಳ ಅಂಕಪಟ್ಟಿಗಳು ಮೇಲಿನ ಅಟ್ಟದಲ್ಲಿರಲಿ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಸೈಟಿಗೆ ಮಾತ್ರ ಹತ್ತು ಲೋಡು ಮಣ್ಣು ಹೊಡೆಸಿ ಎತ್ತರಿಸಿಕೊಂಡರೆ ನೀರು ಮಾಯವಾಗುವುದಿಲ್ಲ, ಪಕ್ಕದ ಮನೆಗೆ ಹೋಗುತ್ತದೆ. ಕಾಂಪೌಂಡು ಕಟ್ಟುವಾಗ ನೀರು ಹಾದುಹೋಗಲು ಜಾಗ ಬಿಡಿ. ಮಳೆಕೊಯ್ಲು ಮಾಡಿ. ಬೆಂಗಳೂರಿನಲ್ಲಿ 1,200 ಚದರಡಿ ಸೈಟಿನಲ್ಲಿ ಹೊಸದಾಗಿ ಕಟ್ಟುವವರಿಗೆ ಇದು 2009ರ ತಿದ್ದುಪಡಿಯ ಪ್ರಕಾರ ಕಡ್ಡಾಯ. ಇಂಗುಗುಂಡಿಗೆ ಬಿಟ್ಟ ಪ್ರತಿ ಬಿಂದಿಗೆ ನೀರು ಕೆಳಗಿನ ಬೀದಿಯವರ ಮನೆಗೆ ಹೋಗದ ನೀರು.

ನೆರೆಯವನ ಗಡಿಕಲ್ಲು

ನಿಯಮಗಳನ್ನು ನಾವು ಸಾಮಾನ್ಯವಾಗಿ ಸರ್ಕಾರದ ಕಿರುಕುಳ ಎಂದು ಭಾವಿಸುತ್ತೇವೆ. ಆದರೆ ಪವಿತ್ರ ಗ್ರಂಥದಲ್ಲಿಯೇ ಒಂದು ಕಟ್ಟಡ ನಿಯಮವಿದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಮೋಟುಗೋಡೆ ಕಟ್ಟಬೇಕು. ಯಾರಾದರೂ ಬಿದ್ದು ಸತ್ತರೆ ಆ ರಕ್ತದ ದೋಷ ಮನೆಯ ಮೇಲೆ ಬರುತ್ತದೆ ಎನ್ನುತ್ತದೆ ಧರ್ಮೋಪದೇಶಕಾಂಡ (22:8). ಕಟ್ಟಡ ನಿಯಮವನ್ನು ಬೈಬಲ್ ಜೀವದ ಪ್ರಶ್ನೆಯಾಗಿ ನೋಡುತ್ತದೆ. ಅದೇ ಕಾಂಡ ನೆರೆಯವನ ಗಡಿಕಲ್ಲನ್ನು ಸರಿಸುವುದನ್ನು ಪಾಪವೆಂದು ಹೇಳುತ್ತದೆ (19:14, 27:17). ಕಾಲುವೆಯ ದಡವೂ ಒಂದು ಗಡಿಕಲ್ಲು. ಅದನ್ನು ಎರಡು ಅಡಿ ಒತ್ತಿದರೆ ನಷ್ಟ ಸರ್ಕಾರಕ್ಕಲ್ಲ, ಕೆಳಗೆ ಇರುವ ಯಾರೋ ಒಬ್ಬ ತಾಯಿಗೆ, ಅವಳ ತೊಟ್ಟಿಲಿಗೆ.

ತಗ್ಗಿನಲ್ಲಿ ಹೆಚ್ಚಾಗಿ ಇರುವವರು ಬಡವರು. ಎತ್ತರದ ಜಾಗದ ಬೆಲೆ ಅವರ ಕೈಗೆ ಎಟುಕುವುದಿಲ್ಲ. ತೆರವಿನ ಯಂತ್ರ ಬಂದಾಗಲೂ ಮೊದಲು ಮುರಿಯುವುದು ಸಣ್ಣ ಮನೆ ಎಂಬ ಜನರ ಅಳಲಿನಲ್ಲಿ ಸತ್ಯವಿದೆ. ನಿಯಮ ಎಲ್ಲರಿಗೂ ಒಂದೇ ಆಗಿರಬೇಕು, ಬಡವರಿಗೆ ಬದಲಿ ಮನೆ ಸಿಗಬೇಕು ಎಂದು ಕೇಳುವುದು ಕ್ರೈಸ್ತರ ಕರ್ತವ್ಯ. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೇ ಕೇಳಬೇಕೆಂದು ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಕಲಿಸಿದ್ದು ಇದನ್ನೇ.

ಹಾಗೆ ಕೇಳುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ದೇವಾಲಯದ ಸಭಾಂಗಣ, ಶಾಲೆಯ ಹೊಸ ಕಟ್ಟಡ, ಕಾನ್ವೆಂಟಿನ ಕಾಂಪೌಂಡು, ಇವುಗಳಿಗೂ ಅದೇ ಅಳತೆ. ದೇವರ ಹೆಸರಿನ ಕಟ್ಟಡವೆಂದು ಕಾಲುವೆ ದಾರಿ ಬಿಡುವುದಿಲ್ಲ. ಪ್ರತಿ ಧರ್ಮಕೇಂದ್ರದ ಪಾಲನಾ ಮಂಡಳಿ ಒಂದು ಸಂಜೆ ಕುಳಿತು ತಮ್ಮ ಜಾಗದ ಗ್ರಾಮ ನಕಾಶೆ ತರಿಸಿ ನೋಡಿದರೆ ಒಳ್ಳೆಯದು. ಯುವಕರು ಮಳೆಗಾಲಕ್ಕೆ ಮುನ್ನ ಬೀದಿಯ ಮೋರಿಯ ಕಸ ತೆಗೆಯಬಹುದು. ಹಬ್ಬದ ಪ್ಲಾಸ್ಟಿಕ್ ತೋರಣ, ಊಟದ ತಟ್ಟೆ ಲೋಟಗಳು ರಾಜಕಾಲುವೆಗೆ ಹೋಗದಂತೆ ನೋಡಿಕೊಳ್ಳಬಹುದು.

ಆ ಯುವಕನಿಗೆ ಉತ್ತರ

ಮತ್ತೆ ಆ ಪ್ರಶ್ನೆಗೆ ಬರೋಣ. ಮಂತ್ರಿಸಿದ ಮನೆಗೆ ನೀರು ಯಾಕೆ ಬಂತು? ದೇವರ ಶಿಕ್ಷೆಯೇ? ಅಲ್ಲ. ಸಿಲೋವಾಮಿನ ಗೋಪುರ ಬಿದ್ದು 18 ಜನ ಸತ್ತಾಗ ಅವರು ಉಳಿದವರಿಗಿಂತ ಪಾಪಿಗಳೆಂದು ಭಾವಿಸಬೇಡಿ ಎಂದು ಯೇಸುಸ್ವಾಮಿ ಸ್ಪಷ್ಟವಾಗಿ ಹೇಳಿದ್ದಾರೆ (ಲೂಕ 13:4-5). ಆದರೆ ಅಲ್ಲಿಗೇ ನಿಲ್ಲಿಸದೆ, ನೀವು ಬದಲಾಗಿ ಎಂದೂ ಹೇಳಿದ್ದಾರೆ. ಬಿದ್ದವರನ್ನು ದೂಷಿಸಬಾರದು, ಉಳಿದವರು ಕಲಿಯಬೇಕು.

ಮನೆ ಮಂತ್ರಿಸುವುದು ಗೋಡೆಗಳಿಗೆ ಕಟ್ಟುವ ತಾಯಿತವಲ್ಲ. ಆ ಮನೆಯಲ್ಲಿ ವಾಸಿಸುವವರನ್ನು ದೇವರ ಕೈಗೆ ಒಪ್ಪಿಸುವ ಪ್ರಾರ್ಥನೆ. ದೇವರು ಆಶೀರ್ವಾದವನ್ನೂ ಕೊಟ್ಟಿದ್ದಾರೆ, ಬುದ್ಧಿಯನ್ನೂ ಕೊಟ್ಟಿದ್ದಾರೆ. ಎರಡೂ ಅವರದೇ ವರ. ನೋವನಿಗೆ ದೇವರು ನಾವೆಯ ಉದ್ದ, ಅಗಲ, ಎತ್ತರವನ್ನು ಮೊಳದ ಲೆಕ್ಕದಲ್ಲಿ ಹೇಳಿದರು (ಆದಿಕಾಂಡ 6:15). ನೋವನ ವಿಶ್ವಾಸ ಅಳತೆಯನ್ನು ಬಿಟ್ಟ ವಿಶ್ವಾಸವಲ್ಲ, ಅಳತೆಯಂತೆ ಕಟ್ಟಿದ ವಿಶ್ವಾಸ.

ಇದನ್ನೆಲ್ಲ ಅಂದು ಸಕ್ರಿಸ್ತಿಯಲ್ಲಿ ಹೇಳಲು ನನಗಾಗಲಿಲ್ಲ. "ನಾನೂ ನಿನ್ನ ಅಜ್ಜಿಯ ಮಾತು ಕೇಳಬೇಕಿತ್ತು ಮಗು, ನಕ್ಕುಬಿಟ್ಟೆ" ಎಂದಷ್ಟೇ ಹೇಳಿದೆ. ಮರುದಿನ ಬೀದಿಯ ಹತ್ತು ಹನ್ನೆರಡು ಯುವಕರು ಸೇರಿ ಆ ಮನೆಯ ಕೆಸರು ತೆಗೆದರು, ಆಮೇಲೆ ಪಕ್ಕದ ಮನೆಯದು, ಅದರ ಪಕ್ಕದ್ದು. ಯಾವ ಮನೆ ಯಾವ ಧರ್ಮದವರದೆಂದು ಯಾರೂ ಕೇಳಲಿಲ್ಲ. ಅಂದಿನಿಂದ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪಾಯದ ಕಲ್ಲು ಮಂತ್ರಿಸಲು ಯಾರಾದರೂ ಕರೆದರೆ, ತೀರ್ಥ ಹಿಡಿಯುವ ಮುನ್ನ ಕೇಳುತ್ತೇನೆ: "ಮಳೆ ಬಂದರೆ ಇಲ್ಲಿಯ ನೀರು ಯಾವ ಕಡೆ ಹೋಗುತ್ತದೆ?" ಕೆಲವರಿಗೆ ಆಶ್ಚರ್ಯವಾಗುತ್ತದೆ. ಒಬ್ಬರು ಕೊಂಡುಕೊಳ್ಳುವುದನ್ನೇ ಕೈಬಿಟ್ಟರು. ಮಧ್ಯವರ್ತಿಗೆ ನನ್ನ ಮೇಲೆ ಕೋಪ ಬಂದಿರಬೇಕು.

ಪ್ರಿಯರೇ, ಈ ಹಬ್ಬದ ದಿನ ಮಾತೆ ಮರಿಯಮ್ಮನವರ ಮಡಿಲಲ್ಲಿ ನಮ್ಮ ಮನೆಗಳನ್ನು ಇಡೋಣ. ನಜರೇತಿನ ಆ ಚಿಕ್ಕ ಮನೆಯನ್ನು ಕಾಯ್ದುಕೊಂಡ ತಾಯಿ ತಗ್ಗಿನಲ್ಲಿ ಮಳೆಯ ಸದ್ದಿಗೆ ನಿದ್ದೆಗೆಡುವ ಪ್ರತಿಯೊಂದು ತಾಯಿಗಾಗಿ ತಮ್ಮ ಪುತ್ರನಲ್ಲಿ ಬಿನ್ನವಿಸಲಿ. ಕಟ್ಟುವ ಕೈಗಳಿಗೆ ವಿವೇಕವನ್ನೂ, ನಕ್ಷೆಗೆ ಸಹಿ ಹಾಕುವ ಕೈಗಳಿಗೆ ಪ್ರಾಮಾಣಿಕತೆಯನ್ನೂ, ನಮಗೆಲ್ಲರಿಗೂ ನೆರೆಯವರ ಮನೆಯನ್ನು ನಮ್ಮ ಮನೆಯಂತೆ ಕಾಣುವ ಮನಸ್ಸನ್ನೂ ದೇವರು ಕರುಣಿಸಲಿ.

ಹಬ್ಬದ ಶುಭಾಶಯಗಳು. ಆಮೆನ್.